ಉಳಿಸಬಹುದಾದ್ದನ್ನು ಕಳೆಯುವುದೇಕೆ?

ಸ್ತನ ಕ್ಯಾನ್ಸರಿನ ಆಪರೇಷನ್ ಮಾತು ಬಂದ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: 'ಜೀವ ಉಳಿದರೆ ಸಾಕು, ಅಂದಚಂದ ಕಟ್ಟಿಕೊಂಡು ಏನಾಗಬೇಕಿದೆ?' ಹೇಳುವವರಿಗೆ ಕೆಟ್ಟ ಮನಸ್ಸೇನೂ ಇರುವುದಿಲ್ಲ, ಗಾಬರಿ ಆ ಮಾತನ್ನು ಆಡಿಸುತ್ತದೆ. ಆದರೆ ಸ್ತನವನ್ನು ಬಿಟ್ಟುಕೊಟ್ಟಷ್ಟೂ ಜೀವ ಗಟ್ಟಿಯಾಗುತ್ತದೆ, ಅದನ್ನು ಉಳಿಸಿಕೊಳ್ಳಲು ಹೋದವಳು ಜೀವದ ಜೊತೆ ಜೂಜಾಡುತ್ತಿದ್ದಾಳೆ ಎಂಬ ನಂಬಿಕೆ ಅದರೊಳಗೆ ಕೂತಿದೆ. ಬೇಗ ಪತ್ತೆಯಾದ, ಗಾತ್ರದಲ್ಲಿ ಸಣ್ಣದಾದ ಗಂಟಿನ ಮಟ್ಟಿಗೆ ಈ ನಂಬಿಕೆ ಸುಳ್ಳೆಂದು ಸಾಬೀತಾಗಿ ನಲವತ್ತು ವರ್ಷವಾಯಿತು.

ಈ ನಂಬಿಕೆಗೆ ಶಾಸ್ತ್ರದ ಮುದ್ರೆ ಒತ್ತಿದವರು ಅಮೆರಿಕದ ಬಾಲ್ಟಿಮೋರಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್. ಕ್ಯಾನ್ಸರ್ ಹುಟ್ಟಿದ ಜಾಗದಿಂದ ಸುತ್ತಲೂ ಹಂತಹಂತವಾಗಿ ಹರಡುತ್ತದೆ, ಆದ್ದರಿಂದ ಅದನ್ನು ಮೀರಿ ಅಗಲವಾಗಿ ಕತ್ತರಿಸಿದರೆ ರೋಗ ಮುಗಿಯುತ್ತದೆ ಎಂಬುದು ಅವರ ತರ್ಕ. 1894ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ಸ್ತನ, ಅದರ ಕೆಳಗಿನ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು ಎಲ್ಲವೂ ಒಟ್ಟಿಗೆ ಹೋಗುತ್ತಿದ್ದವು. ಎದೆ ಕುಸಿದು ಪಕ್ಕೆಲುಬು ಎದ್ದು ಕಾಣುತ್ತಿತ್ತು, ಎಷ್ಟೋ ಹೆಂಗಸರ ತೋಳು ಬಾತುಕೊಂಡು ಹಾಗೇ ಉಳಿಯುತ್ತಿತ್ತು. ಆ ಕಾಲದಲ್ಲಿ ಗಂಟುಗಳು ಆಸ್ಪತ್ರೆಗೆ ಬರುತ್ತಿದ್ದುದೇ ತೀರಾ ಬೆಳೆದ ಮೇಲೆ. ಕತ್ತರಿಸಿದ ಜಾಗದಲ್ಲೇ ರೋಗ ಮರಳುವುದನ್ನು ಹಾಲ್‌ಸ್ಟೆಡ್ ನಿಜಕ್ಕೂ ತಗ್ಗಿಸಿದರು, ಆ ಗೌರವ ಅವರಿಗೆ ಸಲ್ಲಬೇಕು. ನನ್ನ ತಕರಾರು ಅನಂತರದ ಮುಕ್ಕಾಲು ಶತಮಾನದ ಬಗ್ಗೆ. ಸಣ್ಣ ಗಂಟಿಗೂ ಅದೇ ಕತ್ತಿ ಬಿದ್ದಿತು, ಇಷ್ಟು ಕತ್ತರಿಸಬೇಕೇ ಎಂದು ಹೋಲಿಸಿ ನೋಡುವ ಗೋಜಿಗೆ ಹೋದವರು ಬಹಳ ಕಡಿಮೆ. ಗಂಟು ಪರೀಕ್ಷಿಸಲೆಂದು ಅರಿವಳಿಕೆ ತೆಗೆದುಕೊಂಡ ಹೆಂಗಸು ಎಚ್ಚರವಾದಾಗ ಸ್ತನವೇ ಇಲ್ಲದಿರುವುದು ಅಮೆರಿಕದಲ್ಲಿ 1970ರ ದಶಕದವರೆಗೂ ಮಾಮೂಲಿಯಾಗಿತ್ತು. ರೋಸ್ ಕುಶ್ನರ್ ಎಂಬ ಪತ್ರಕರ್ತೆ, ತಾನೂ ರೋಗಿಯಾಗಿದ್ದವಳು, ಇದರ ವಿರುದ್ಧ ಹೋರಾಡಬೇಕಾಯಿತು.

ಪಿಟ್ಸ್‌ಬರ್ಗಿನ ಶಸ್ತ್ರವೈದ್ಯ ಬರ್ನಾರ್ಡ್ ಫಿಶರ್ ಹಾಲ್‌ಸ್ಟೆಡರ ತರ್ಕವನ್ನು ತಿರುಗಿಸಿ ಕೇಳಿದರು. ರೋಗದ ಕಣಗಳು ಆಗಲೇ ರಕ್ತ ಸೇರಿದ್ದರೆ ಎದೆಯನ್ನು ಎಷ್ಟು ಅಗಲಕ್ಕೆ ಕತ್ತರಿಸಿ ಏನು ಪ್ರಯೋಜನ? ಸೇರಿಲ್ಲದಿದ್ದರೆ ಅಷ್ಟು ಕತ್ತರಿಸುವುದೇಕೆ? 1976ರಲ್ಲಿ ಶುರುವಾದ ಅವರ ಪ್ರಯೋಗದಲ್ಲಿ ಗಂಟಿನ ಗಾತ್ರ ನಾಲ್ಕು ಸೆಂಟಿಮೀಟರ್ ಮೀರದ ಹೆಂಗಸರಿದ್ದರು. ಕೆಲವರಿಗೆ ಇಡೀ ಸ್ತನ ತೆಗೆದರು, ಕೆಲವರಿಗೆ ಗಂಟನ್ನಷ್ಟೇ, ಇನ್ನು ಕೆಲವರಿಗೆ ಗಂಟು ತೆಗೆದು ರೇಡಿಯೇಷನ್ ಕೊಟ್ಟರು. ಇಪ್ಪತ್ತು ವರ್ಷದ ಲೆಕ್ಕ 2002ರಲ್ಲಿ ಹೊರಬಂದಾಗ ಬದುಕುಳಿದವರ ಪ್ರಮಾಣದಲ್ಲಿ ಮೂರೂ ಗುಂಪುಗಳ ನಡುವೆ ಅಂತರವಿರಲಿಲ್ಲ. ಅದೇ ವರ್ಷ ಮಿಲಾನಿನ ಶಸ್ತ್ರವೈದ್ಯ ಉಂಬೆರ್ತೊ ವೆರೊನೇಸಿ ತಮ್ಮ ಪ್ರಯೋಗದ 701 ಹೆಂಗಸರ ಬಗ್ಗೆ ಹೇಳಿದ್ದೂ ಅದನ್ನೇ. ಒಂದು ಷರತ್ತು ಮಾತ್ರ ಮುಖ್ಯ: ಫಿಶರರ ಪ್ರಯೋಗದಲ್ಲಿ ಉಳಿಸಿಕೊಂಡ ಸ್ತನದಲ್ಲೇ ರೋಗ ಮರಳಿದ್ದು ರೇಡಿಯೇಷನ್ ಇಲ್ಲದಿದ್ದವರಲ್ಲಿ ಶೇ. 39, ಪಡೆದವರಲ್ಲಿ ಶೇ. 14. ಸ್ತನ ಉಳಿಸುವ ಆಪರೇಷನ್ನಿಗೆ ರೇಡಿಯೇಷನ್ ಜೋಡಿಯಾದದ್ದು ಹೀಗೆ.

ಗಟ್ಟಿಯಾದ ಆಕ್ಷೇಪ ಹುಟ್ಟುವುದೂ ಇಲ್ಲಿಯೇ. ರೇಡಿಯೇಷನ್ ಯಂತ್ರವಿರುವುದು ದೂರದ ನಗರದಲ್ಲಿ. ರಾಯಚೂರಿನ ಕಡೆಯ ಕೂಲಿ ಹೆಂಗಸು ಬೆಂಗಳೂರಿನಲ್ಲಿ ವಾರಗಟ್ಟಲೆ ಉಳಿಯುವುದು ಹೇಗೆ? ಅರ್ಧಕ್ಕೆ ಬಿಟ್ಟು ಊರಿಗೆ ಹೋಗುವುದಕ್ಕಿಂತ ಒಮ್ಮೆಗೇ ತೆಗೆಸಿಕೊಳ್ಳುವುದು ಕ್ಷೇಮವಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಗಂಟು ದೊಡ್ಡದಾಗಿದ್ದರೆ, ಕಂಕುಳಿನ ಹಲವು ಗ್ರಂಥಿಗಳಿಗೆ ರೋಗ ತಗುಲಿದ್ದರೆ, ಸ್ತನ ತೆಗೆಸಿಕೊಂಡವಳಿಗೂ ಸಾಮಾನ್ಯವಾಗಿ ರೇಡಿಯೇಷನ್ ತಪ್ಪುವುದಿಲ್ಲ. ಅವಳು ಎರಡನ್ನೂ ಅನುಭವಿಸುತ್ತಾಳೆ. ಮೊದಲು ಐದಾರು ವಾರ ಹಿಡಿಯುತ್ತಿದ್ದ ರೇಡಿಯೇಷನ್ ಈಗ ಅನೇಕರಿಗೆ ಮೂರು ವಾರದಲ್ಲಿ ಮುಗಿಯುತ್ತದೆ, ಐದೇ ದಿನದ ಕ್ರಮವೂ ಕೆಲವರಿಗೆ ಸಾಕೆಂದು ಬ್ರಿಟನ್ನಿನ ಪ್ರಯೋಗವೊಂದು 2020ರಲ್ಲಿ ತೋರಿಸಿತು. ಊಟ ವಸತಿಯ ಏರ್ಪಾಡಿನಿಂದ ನೀಗಬಹುದಾದ ತೊಂದರೆಗೆ ಕತ್ತಿಯಿಂದ ಪರಿಹಾರ ಹುಡುಕುವುದನ್ನು ನಾನು ಒಪ್ಪಲಾರೆ.

'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ' ಎನ್ನುವವರಿಗೆ ಉತ್ತರ ಕೊಡುವ ಅಗತ್ಯವಿಲ್ಲ, ದೇಹ ಅವರದಲ್ಲ. ನಾನು ತಲೆಬಾಗುವುದು ಕವಯಿತ್ರಿ ಆಡ್ರೆ ಲಾರ್ಡ್ ಎತ್ತಿದ ಪ್ರಶ್ನೆಗೆ. ಸ್ತನ ತೆಗೆಸಿಕೊಂಡ ಮೇಲೆ ಕೃತಕ ಸ್ತನ ಧರಿಸಲು ಆಕೆ ಒಪ್ಪಲಿಲ್ಲ. ನೋಡುವವರ ಮುಜುಗರ ಕಳೆಯಲು ರೋಗಿ ಏಕೆ ನಟಿಸಬೇಕು ಎಂಬ ಆಕೆಯ ವಾದ 1980ರ 'ದಿ ಕ್ಯಾನ್ಸರ್ ಜರ್ನಲ್ಸ್'ನಲ್ಲಿದೆ. ಚಪ್ಪಟೆ ಎದೆಯೊಂದಿಗೆ ತಲೆಯೆತ್ತಿ ನಡೆಯುವುದು ಹೆಣ್ಣಿನ ಹಕ್ಕು, ಸರಿ. ಆದರೆ ಲಾರ್ಡ್ ವಿರೋಧಿಸಿದ್ದು ಒತ್ತಾಯವನ್ನು. ಅಂದ ಕಾಪಾಡಿಕೋ ಎಂಬುದು ಹೇಗೆ ಒತ್ತಾಯವೋ, ಅಂದದ ಆಸೆ ಬಿಡು ಎಂಬುದೂ ಹಾಗೆಯೇ.

ಸ್ತನದ ಬೇರೆ ಬೇರೆ ಭಾಗಗಳಲ್ಲಿ ಗಂಟುಗಳಿದ್ದರೆ, ರೋಗ ಚರ್ಮಕ್ಕೆಲ್ಲ ಹಬ್ಬಿದ್ದರೆ, ಇಡೀ ಸ್ತನ ತೆಗೆಯಬೇಕಾಗುವುದು ನಿಜ. ಉಳಿಸಬಹುದೆಂದು ಗೊತ್ತಿದ್ದೂ ಭಯದಿಂದ ತೆಗೆಸಿಕೊಳ್ಳುವವರಿದ್ದಾರೆ, ಅದೂ ಅವರ ನಿರ್ಧಾರವೇ. ಆದರೆ ಕೀಮೋ ಮೊದಲು ಕೊಟ್ಟು ಗಂಟನ್ನು ಕುಗ್ಗಿಸಬಹುದು, ಪಕ್ಕದ ಅಂಗಾಂಶವನ್ನು ಸರಿಸಿ ಹಳ್ಳ ತುಂಬಬಹುದು, ಪೂರ್ತಿ ತೆಗೆದರೂ ಬೆನ್ನಿನ ಸ್ನಾಯುವಿನಿಂದಲೋ ಹೊಟ್ಟೆಯ ಕೊಬ್ಬಿನಿಂದಲೋ ಮತ್ತೆ ಕಟ್ಟಬಹುದು ಎಂಬುದನ್ನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಆಕೆಗೆ ಹೇಳಬೇಕು. ಜೊತೆಗೆ ಬಂದ ಗಂಡಸಿಗೆ ಹೇಳಿದರೆ ಸಾಲದು.