ಸಂಪಿನ ಕೆಲಸ ಮೇಸ್ತ್ರಿಗೇ ಬಿಡಬೇಡಿ

ಮನೆ ಕಟ್ಟಿಸುವಾಗ ಅಡಿಗೆಮನೆಯ ಕಲ್ಲಿಗೆ ನಾಲ್ಕು ಅಂಗಡಿ ಸುತ್ತುತ್ತೇವೆ. ಸಂಪಿನ ವಿಷಯ ಬಂದರೆ 'ಮೇಸ್ತ್ರಿ ನೋಡ್ಕೋತಾನೆ ಬಿಡ್ರೀ' ಅಂತೀವಿ. ಹಾಗೆ ಬಿಡಬೇಡಿ. ಸಂಪಿನ ಬಾಯಿ ನೆಲಕ್ಕಿಂತ ಅರ್ಧ ಅಡಿಯಾದರೂ ಎತ್ತರವಿರಲಿ, ಅಂಗಳ ತೊಳೆದ ನೀರು ಒಳಗಿಳಿಯದು. ಮುಚ್ಚಳಕ್ಕೆ ಬೀಗ ಬೇಕೇ ಬೇಕು; ಪುಟ್ಟ ಮಕ್ಕಳಿರುವ ಮನೆಯಲ್ಲಿ ತಗಡು ಮುಚ್ಚಿ ಸುಮ್ಮನಾಗುವುದುಂಟೇ!

ನೀರೊಳಗಿಡುವ ಮೋಟಾರನ್ನು ಹಗ್ಗ ಕಟ್ಟಿ ಇಳಿಸಲಿ, ವೈರು ಹಿಡಿದು ಇಳಿಬಿಡಬಾರದು. ಅರ್ಥಿಂಗ್ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದರೆ ಅದು ತಟ್ಟನೆ ಕಡಿಯುತ್ತದೆ. ದುಡ್ಡು ಉಳಿಸುವ ಜಾಗ ಇದಲ್ಲ.

ನಿಜವಾದ ಭಯ ಗಾಳಿಯದು. ಬಹುದಿನ ಮುಚ್ಚಿದ್ದ ಸಂಪಿನಲ್ಲಿ, ಅದರಲ್ಲೂ ಹೊಸ ಸಂಪಿನ ಸೆಂಟ್ರಿಂಗ್ ಹಲಗೆ ಬಿಚ್ಚುವಾಗ, ಉಸಿರಾಡುವ ಗಾಳಿಯೇ ಇರದಿರಬಹುದು. ವಾಸನೆಯಿಂದ ತಿಳಿಯುವುದಿಲ್ಲ. ಮುಚ್ಚಳ ತೆರೆದಿಟ್ಟರಷ್ಟೇ ಸಾಲದು, ಬ್ಲೋವರಿನಿಂದ ಹೊಸ ಗಾಳಿ ತುಂಬಿಸಲಿ. ಮೋಟಾರಿನ ಸ್ವಿಚ್ಚಷ್ಟೇ ಅಲ್ಲ, ಮೇನ್ ಸ್ವಿಚ್ಚೂ ಆರಿಸಿ. ಇಳಿಯುವವನ ಮೈಗೆ ಹಗ್ಗ ಬಿಗಿದಿರಲಿ, ಮೇಲೆ ಇಬ್ಬರು ಹಿಡಿದಿರಲಿ. ಕೆಳಗಿನವನು ಕುಸಿದರೆ ಹಗ್ಗದಿಂದಲೇ ಎಳೆಯಬೇಕು, 112ಕ್ಕೆ ಫೋನು ಮಾಡಬೇಕು. 'ಅಯ್ಯೋ' ಅಂತ ಹಿಂದೆಯೇ ಇಳಿದವರೂ ಮೇಲೆ ಬರುವುದಿಲ್ಲ, ಯಾರನ್ನೂ ಇಳಿಯಗೊಡಬೇಡಿ.