ಒಂದು ಅಂಕದ ಉತ್ತರವಲ್ಲ ಈ ಹೆಸರುಗಳು

‘ಕರ್ನಾಟಕದ ಗಾಂಧಿ ಎಂದು ಯಾರನ್ನು ಕರೆಯುತ್ತಾರೆ?’ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯಾರನ್ನೇ ಕೇಳಿ, ನಿದ್ದೆಗಣ್ಣಲ್ಲೂ ಉತ್ತರ ಬರುತ್ತದೆ: ಹರ್ಡೇಕರ್ ಮಂಜಪ್ಪ. ‘ದಲಿತ ಸಂಘರ್ಷ ಸಮಿತಿಯ ಸ್ಥಾಪಕರು?’ ಪ್ರೊ. ಬಿ. ಕೃಷ್ಣಪ್ಪ. ಒಂದೊಂದು ಅಂಕ ಸಿಕ್ಕಿತು, ಮುಂದಿನ ಪ್ರಶ್ನೆ. ಮಂಜಪ್ಪನವರು ಪತ್ರಿಕೆ ಹೊರಡಿಸಿದ್ದು ನಮ್ಮ ದಾವಣಗೆರೆಯಲ್ಲಿ, ಕೃಷ್ಣಪ್ಪನವರು ಹುಟ್ಟಿದ್ದು ಪಕ್ಕದ ಹರಿಹರದಲ್ಲಿ ಎನ್ನುವುದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಪಿ.ಬಿ. ರಸ್ತೆಯಲ್ಲಿ ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಆ ದಾರಿಯ ಎರಡು ತುದಿಯಲ್ಲಿ ಕನ್ನಡ ನಾಡಿನ ಎರಡು ದೊಡ್ಡ ವಿಚಾರ ಕ್ರಾಂತಿಗಳ ಗುರುತುಗಳಿವೆ.

ಈಗ ‘ಅಂತರಂಗದ ಪರಿವರ್ತನೆ’ ಎಂದರೆ ನಮ್ಮ ವಯಸ್ಸಿನವರಿಗೆ ಮೊದಲು ನೆನಪಾಗುವುದು ಮೊಬೈಲಿನ ವಿಡಿಯೊಗಳು. ಬೆಳಿಗ್ಗೆ ಐದಕ್ಕೆ ಏಳು, ತಣ್ಣೀರು ಸ್ನಾನ ಮಾಡು, ಧ್ಯಾನ ಮಾಡು, ಮೈಂಡ್‌ಸೆಟ್ ಬದಲಿಸು, ಗೆಲ್ಲು. ಇದನ್ನು ನಾನು ಹೀಗಳೆಯುವುದಿಲ್ಲ. ಶಿಸ್ತು ಇಲ್ಲದೆ ಯಾವ ಪರೀಕ್ಷೆಯೂ ಪಾಸಾಗದು. ಆದರೆ ಈ ಪರಿವರ್ತನೆಯಲ್ಲಿ ‘ನಾನು’ ಬಿಟ್ಟರೆ ಬೇರೆ ಯಾರೂ ಇಲ್ಲ. ನಾನು ಎಷ್ಟೇ ಬದಲಾದರೂ ನನ್ನ ಮನೆ, ನನ್ನ ಕೇರಿ, ನನ್ನ ಜಾತಿ ಇದ್ದ ಹಾಗೇ ಇರುತ್ತವೆ. ನಮ್ಮ ಎರಡೂ ಊರುಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಮನುಷ್ಯ ಒಳಗೆ ನಿಜವಾಗಿ ಬದಲಾದದ್ದು ಗೊತ್ತಾಗುವುದು ಆತ ತನ್ನವರ ಮುಂದೆ ನಿಂತು ಪ್ರಶ್ನೆ ಕೇಳಿದಾಗ.

ಮಂಜಪ್ಪನವರ ಉದಾಹರಣೆ ನೋಡಿ. 1886ರಲ್ಲಿ ಬನವಾಸಿಯಲ್ಲಿ ಹುಟ್ಟಿದ ಅವರು ಶಾಲಾ ಮಾಸ್ತರರಾಗಿದ್ದರು. ಸ್ವದೇಶಿ ಚಳವಳಿಯ ಗಾಳಿ ತಾಗಿ ಆ ಕೆಲಸ ಬಿಟ್ಟರು. 1906ರಲ್ಲಿ ದಾವಣಗೆರೆಯಿಂದ ‘ಧನುರ್ಧಾರಿ’ ಪತ್ರಿಕೆ ಹೊರಡಿಸಿದರು. ಆಗ ಅವರಿಗೆ ಇಪ್ಪತ್ತು ವರ್ಷ, ನಮ್ಮಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿ ಇರುವವರ ವಯಸ್ಸು. 1913ರಲ್ಲಿ ಇಲ್ಲಿನ ವಿರಕ್ತ ಮಠದಲ್ಲಿ ಮೃತ್ಯುಂಜಯ ಸ್ವಾಮೀಜಿಯವರ ಜೊತೆ ಸೇರಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ಇಂದು ನಾಡಿನ ಊರೂರಲ್ಲಿ ನಡೆಯುವ ಬಸವ ಜಯಂತಿಯ ಪರಿಪಾಠ ಶುರುವಾದದ್ದು ಹೀಗೆ, ನಮ್ಮೂರಿನಲ್ಲಿ.

ಇದರಲ್ಲಿ ಕ್ರಾಂತಿ ಏನು ಬಂತು ಎಂದು ಕೇಳಬಹುದು. ಆ ಕಾಲಕ್ಕೆ ವಚನಗಳು ಬಹುಪಾಲು ಓಲೆಗರಿಯ ಕಟ್ಟುಗಳಲ್ಲೇ ಇದ್ದವು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದದ್ದು ಹತ್ತು ವರ್ಷಗಳ ನಂತರ, 1923ರಲ್ಲಿ. ಜನರ ಮನಸ್ಸಿನಲ್ಲಿದ್ದ ಬಸವಣ್ಣ ಪುರಾಣದ ಬಸವಣ್ಣ, ಕೈಮುಗಿದು ಸುಮ್ಮನಾಗಬಹುದಾದ ದೇವರು. ಆತನ ಹೆಸರಿನಲ್ಲಿ ಸಭೆ ಸೇರಿಸಿ ಭಾಷಣ ಮಾಡಿಸಿದರೆ ಪೂಜೆಯ ಜಾಗಕ್ಕೆ ಮಾತು ಬರುತ್ತದೆ. ‘ಇವರು ಹೇಳಿದ್ದೇನು, ನಾವು ಮಾಡುತ್ತಿರುವುದೇನು?’ ಎಂಬ ಪ್ರಶ್ನೆ ಏಳುತ್ತದೆ. ಮಂಜಪ್ಪನವರು ಆ ಪ್ರಶ್ನೆಗೆ ಜಾಗ ಮಾಡಿಕೊಟ್ಟದ್ದು ಪರರ ಮಠದಲ್ಲಲ್ಲ, ತಮ್ಮವರ ಮಠದಲ್ಲೇ. ನೂರು ವರ್ಷ ದಾಟಿ 2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಘೋಷಣೆ ಸುಲಭ. ಆ ಪ್ರಶ್ನೆ ಮಾತ್ರ ಈಗಲೂ ಕಷ್ಟದ್ದೇ.

ಹರಿಹರಕ್ಕೆ ಬರೋಣ. ತುಂಗಭದ್ರೆಯ ದಡದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಒಂದೇ ಮೂರ್ತಿಯಲ್ಲಿ ಬಲಭಾಗ ಶಿವ, ಎಡಭಾಗ ವಿಷ್ಣು. ಶೈವರೂ ವೈಷ್ಣವರೂ ಒಂದೇ ಬಾಗಿಲಲ್ಲಿ ಕೈಮುಗಿಯುವಂಥ ಸಾಮರಸ್ಯವನ್ನು ಎಂಟು ನೂರು ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಕೆತ್ತಿದ ಊರು ಇದು. ಆದರೆ ದೇವರುಗಳು ಒಂದಾದರು, ಮನುಷ್ಯರು ಒಂದಾಗಲಿಲ್ಲ. ಅದೇ ಊರಿನಲ್ಲಿ 1938ರಲ್ಲಿ ಬಡ ದಲಿತ ಕುಟುಂಬವೊಂದರಲ್ಲಿ ಹುಟ್ಟಿದ ಕೃಷ್ಣಪ್ಪ ಆ ಉಳಿದ ಕೆಲಸಕ್ಕೆ ಕೈಹಾಕಬೇಕಾಯಿತು.

ಅವರ ದಾರಿ ಸಾಹಿತ್ಯದ ದಾರಿ. ಭದ್ರಾವತಿಯ ಕಾಲೇಜಿನಲ್ಲಿ ಅವರು ಕನ್ನಡ ಮೇಷ್ಟ್ರು. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದುಬಿಟ್ಟರು. ನಾಡೇ ಹೊತ್ತಿ ಉರಿಯಿತು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿ ಸ್ಥಾನ ಬಿಡಬೇಕಾಯಿತು. ಗಲಾಟೆ ತಣ್ಣಗಾದ ಮೇಲೂ ಪ್ರಶ್ನೆ ಉಳಿಯಿತು: ನಾವು ಓದುವ ಪಾಠಗಳಲ್ಲಿ ಯಾರ ಬದುಕಿದೆ, ಯಾರದು ಇಲ್ಲ? ಅದೇ 1973ರಲ್ಲಿ ದೇವನೂರ ಮಹಾದೇವರ ‘ದ್ಯಾವನೂರು’, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದವು. ಇಬ್ಬರೂ ಆಗ ಇಪ್ಪತ್ತರ ಹರೆಯದವರು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂಬ ಬೇಡಿಕೆಗೆ ಮನ್ನಣೆ ಸಿಗದೆ, ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿಕೊಂಡಿತು.

ಬೂಸಾ ಗಲಾಟೆಯ ನಂತರದ ದಿನಗಳಲ್ಲಿ ಕೃಷ್ಣಪ್ಪ ಮತ್ತು ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಅಧ್ಯಯನ ಶಿಬಿರ, ಹೋರಾಟದ ಹಾಡು, ಭೂಮಿಗಾಗಿ ಚಳವಳಿ ಎಲ್ಲವೂ ಒಟ್ಟಿಗೆ ನಡೆದವು. ನನ್ನನ್ನು ಹೆಚ್ಚು ಕಾಡುವುದು 1986ರ ಚಂದ್ರಗುತ್ತಿ ಪ್ರಸಂಗ. ಸೊರಬ ತಾಲ್ಲೂಕಿನ ಚಂದ್ರಗುತ್ತಿ ರೇಣುಕಾಂಬೆಯ ಜಾತ್ರೆಯಲ್ಲಿ ಬೆತ್ತಲೆ ಸೇವೆ ನಡೆಯುತ್ತಿತ್ತು. ಅದನ್ನು ತಡೆಯಲು ಹೋದ ಸಮಿತಿಯ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಭಕ್ತರೇ ತಿರುಗಿಬಿದ್ದರು. ಮುಂದೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಹರಕೆ ಹೊತ್ತು ಬಂದವರಲ್ಲಿ ಬಹಳ ಮಂದಿ ದಲಿತರು, ಬಡವರು. ಮೇಲಿನವರ ದೌರ್ಜನ್ಯ ಪ್ರಶ್ನಿಸುವುದಕ್ಕೆ ಧೈರ್ಯ ಬೇಕು. ನಮ್ಮವರೇ ಭಯಭಕ್ತಿಯಿಂದ ನಂಬಿದ್ದನ್ನು ಪ್ರಶ್ನಿಸುವುದಕ್ಕೆ ಇನ್ನೂ ದೊಡ್ಡ ಧೈರ್ಯ ಬೇಕು. ಅಧ್ಯಾತ್ಮ, ಸಾಹಿತ್ಯ, ಸಮಾಜ ಎಂದು ನಾವು ಬೇರೆ ಬೇರೆ ಪೇಪರ್‌ಗಳಲ್ಲಿ ಓದುವ ಮೂರೂ ಅಲ್ಲಿ ಒಂದೇ ಪ್ರಶ್ನೆಯಾಗಿ ನಿಂತಿದ್ದವು.

ಇದೆಲ್ಲ ಹಳೆಯ ಕಥೆ ಎನ್ನಬೇಡಿ. ಕಳೆದ ವರ್ಷ ಗೆಳೆಯನೊಬ್ಬನ ಜೊತೆ ಬಾಡಿಗೆ ರೂಮ್ ಹುಡುಕಲು ಹೋಗಿದ್ದೆ. ಅಡ್ವಾನ್ಸ್, ಬಾಡಿಗೆ, ನೀರಿನ ವ್ಯವಸ್ಥೆ ಎಲ್ಲ ಮಾತಾಯಿತು. ಕೊನೆಗೆ ಮನೆಯವರು ನಗುನಗುತ್ತಲೇ ಕೇಳಿದರು: ‘ನೀವು ಯಾರ ಪೈಕಿ?’ ಗೆಳೆಯ ಹೇಳಿದ. ‘ಊರಿಂದ ನಮ್ಮ ನೆಂಟರ ಹುಡುಗ ಬರೋನಿದಾನಪ್ಪ, ನೋಡಿ ಫೋನ್ ಮಾಡ್ತೀವಿ’ ಎಂದರು. ಫೋನ್ ಬರಲಿಲ್ಲ. ಹಜಾರದ ಗೋಡೆಯ ಮೇಲೆ ಬಸವಣ್ಣನವರ ಫೋಟೊ ಇತ್ತು, ಅದರ ಕೆಳಗೆ ಟೇಬಲ್ಲಿನ ಮೇಲೆ ಆ ಮನೆಯ ಮಗನ ಕೆಪಿಎಸ್‌ಸಿ ಪುಸ್ತಕಗಳಿದ್ದವು.

ನನ್ನ ಮಾತು ಆ ಹಿರಿಯರ ಬಗ್ಗೆ ಅಲ್ಲ, ಆ ಪುಸ್ತಕ ಓದುವ ಮಗನ ಬಗ್ಗೆ. ಮಂಜಪ್ಪ, ಕೃಷ್ಣಪ್ಪ ಇಬ್ಬರ ಹೆಸರೂ ಅವನಿಗೆ ಬಾಯಿಪಾಠ. ಅಂದು ರಾತ್ರಿ ಊಟಕ್ಕೆ ಕೂತಾಗ ‘ಅಪ್ಪಾ, ಹಂಗೆ ಕೇಳಬಾರದಿತ್ತು’ ಎಂದು ಅವನು ಒಂದು ಮಾತು ಹೇಳಿದ್ದರೆ ಅದೇ ಕ್ರಾಂತಿ. ಅದಕ್ಕೆ ಮೆರವಣಿಗೆ ಬೇಡ, ಮೈಕು ಬೇಡ.

‘ಮೊದಲು ಕೆಲಸ ಸಿಗಲಿ, ಆಮೇಲೆ ವಿಚಾರ’ ಎನ್ನುವವರಿದ್ದಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ದಾವಣಗೆರೆಯ ಬಟ್ಟೆ ಗಿರಣಿಗಳೂ ಮುಚ್ಚಿದ ಮೇಲೆ ಇಲ್ಲಿನ ಮನೆಗಳು ಏನೇನು ಪಟ್ಟವು ಎಂಬುದು ಎಲ್ಲರಿಗೂ ಗೊತ್ತು. ಆದರೆ ಮಂಜಪ್ಪ ನೌಕರಿ ಬಿಟ್ಟು ಮಾಡಿದ್ದನ್ನು ಕೃಷ್ಣಪ್ಪ ನೌಕರಿಯಲ್ಲಿದ್ದುಕೊಂಡೇ ಮಾಡಿದರು. ವಿಚಾರಕ್ಕೂ ಸಂಬಳಕ್ಕೂ ಜಗಳವಿಲ್ಲ. ನಾಳೆ ನಾವು ಪಿಡಿಒ ಆಗಿ, ಮೇಷ್ಟ್ರಾಗಿ, ಪಿಎಸ್‌ಐ ಆಗಿ ಒಂದು ಕುರ್ಚಿಯಲ್ಲಿ ಕೂರುತ್ತೇವೆ. ಎದುರು ನಿಂತವರನ್ನು ‘ಯಾರ ಪೈಕಿ’ ಎಂದು ಮನಸ್ಸಿನಲ್ಲೇ ಅಳೆಯುವ ಅಭ್ಯಾಸ ಇಂದು ಬಿಡದಿದ್ದರೆ ಅಂದು ಬಿಡುತ್ತೇವೆಯೇ? ಕೆಲಸ ಸಿಕ್ಕ ಮೇಲೆ ಮನುಷ್ಯ ತಾನಾಗಿ ಬದಲಾಗುವುದಿಲ್ಲ. ಒಳಗಿದ್ದದ್ದಕ್ಕೆ ಅಧಿಕಾರ ಸಿಗುತ್ತದೆ, ಅಷ್ಟೇ.

ಒಂದು ಸಣ್ಣ ಸಲಹೆ. ಏಪ್ರಿಲ್ 14ಕ್ಕೆ ಅಂಬೇಡ್ಕರ್ ಜಯಂತಿ, ಅದರ ಆಸುಪಾಸಿನಲ್ಲೇ ಬಸವ ಜಯಂತಿ. ಒಂದೇ ಬೆಂಚಿನಲ್ಲಿ ಕೂರುವ ನಾವು ಆ ಎರಡು ದಿನ ಬೇರೆ ಬೇರೆ ಬೀದಿಗಳಲ್ಲಿ, ಬೇರೆ ಬೇರೆ ಶಾಲು ಹೊದ್ದು ನಿಂತಿರುತ್ತೇವೆ. ಮುಂದಿನ ಸಲ ಕಾಲೇಜುಗಳಲ್ಲಿ, ಸ್ಟಡಿ ಸರ್ಕಲ್‌ಗಳಲ್ಲಿ ಮಾತಾಡುವವರನ್ನು ಅದಲು ಬದಲು ಮಾಡೋಣ. ಬಸವ ಜಯಂತಿಯಲ್ಲಿ ಕೃಷ್ಣಪ್ಪನವರ ಬಗ್ಗೆ ಒಂದು ಮಾತಿರಲಿ, ಅಂಬೇಡ್ಕರ್ ಜಯಂತಿಯಲ್ಲಿ ಮಂಜಪ್ಪನವರ ಬಗ್ಗೆ ಇರಲಿ. ಭಾಷಣ ಮುಗಿದ ಮೇಲೆ ಒಟ್ಟಿಗೆ ಕೂತು ಊಟ ಮಾಡೋಣ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ.