ಸಂದೇಶ ಬಂದರೆ ಹಣ ಬಂದಂತಲ್ಲ

ಚೆಕ್ ನಗದಾಗುವವರೆಗೆ ಅಪರಿಚಿತರಿಗೆ ಸರಕು ಬಿಡದಿದ್ದ ವರ್ತಕರೇ ಇಂದು ಮೊಬೈಲಿಗೆ ಬಂದ ಒಂದು ಸಾಲಿನ ಸಂದೇಶವನ್ನು ನಂಬಿ ಮಾಲು ತುಂಬಿಸಿ ಕಳುಹಿಸುತ್ತಿರುವುದು ವಿಪರ್ಯಾಸವೇ ಸರಿ. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಪಾವತಿ ಸುಲಭವಾಯಿತೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಚೆಕ್ಕಿನ ಕಾಲದ ಎಚ್ಚರಿಕೆಯನ್ನೂ ಅದರೊಂದಿಗೆ ಕೈಬಿಟ್ಟದ್ದು ಸರಿಯಲ್ಲ.

ವಂಚಕರ ವಿಧಾನಗಳು ಬಹುತೇಕ ಪರಿಚಿತವೇ ಆಗಿವೆ. ಬ್ಯಾಂಕಿನದೆಂದು ತೋರುವ ಸುಳ್ಳು ಎಸ್‌ಎಂಎಸ್, ನಕಲಿ ಸ್ಕ್ರೀನ್‌ಶಾಟ್, ಅಂಗಡಿಯ ಕ್ಯೂಆರ್ ಕೋಡಿನ ಮೇಲೆ ಅಂಟಿಸಿದ ಬೇರೊಬ್ಬರ ಕೋಡು, ‘ಹೆಚ್ಚು ಹಣ ಕಳುಹಿಸಿಬಿಟ್ಟೆವು, ಹಿಂದಿರುಗಿಸಿ’ ಎಂಬ ಕರೆ, ಮುಂಗಡ ಪಡೆಯಲು ಪಿನ್ ಒತ್ತಿರೆಂಬ ಸೂಚನೆ ಇವುಗಳಲ್ಲಿ ಮುಖ್ಯವಾದವು. ಹಣ ಪಡೆಯಲು ಯುಪಿಐ ಪಿನ್ ಎಂದಿಗೂ ಬೇಕಿಲ್ಲ; ಅದು ಹಣ ಕೊಡಲು ಮಾತ್ರ. ಸಣ್ಣ ಕೈಗಾರಿಕೆಗಳಿಗಂತೂ ಕಚ್ಚಾ ಸಾಮಗ್ರಿ ಪೂರೈಸುವವರ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಪತ್ರವೂ ಬರುತ್ತದೆ.

ನಷ್ಟದ ಲೆಕ್ಕವನ್ನು ಗಮನಿಸಬೇಕು. ಶೇಕಡಾ 5ರ ಲಾಭದಲ್ಲಿ ವ್ಯಾಪಾರ ಮಾಡುವವನು 50,000 ರೂಪಾಯಿ ಕಳೆದುಕೊಂಡರೆ, ಅದನ್ನು ತುಂಬಿಕೊಳ್ಳಲು 10 ಲಕ್ಷ ರೂಪಾಯಿಗಳ ವಹಿವಾಟು ನಡೆಸಬೇಕು. ಬಿಲ್ ಬರೆದು ಸರಕು ಕಳುಹಿಸಿದ್ದರೆ ಹಣ ಬಾರದಿದ್ದರೂ ಜಿಎಸ್‌ಟಿ ಹೊಣೆ ತಪ್ಪದು. ವಸೂಲಾಗದ ಬಾಕಿಗೆ ಆ ಕಾಯಿದೆಯಲ್ಲಿ ರಿಯಾಯಿತಿ ಇಲ್ಲ.

ಇಂತಹ ಸಂದರ್ಭದಲ್ಲಿ ಗಲ್ಲಾದಲ್ಲಿದ್ದ ಹುಡುಗನನ್ನು ದೂಷಿಸುವುದು, ಅವನ ಸಂಬಳದಲ್ಲಿ ಮುರಿದುಕೊಳ್ಳುವುದು ವಾಡಿಕೆ. ಇದು ನ್ಯಾಯವಲ್ಲ. ಖಾತೆ ಮಾಲೀಕರ ಮೊಬೈಲಿನಲ್ಲಿ, ಮಾಲೀಕರು ಊರಿನಾಚೆ ಮದುವೆಯಲ್ಲಿ. ಹಣ ಜಮೆಯಾಯಿತೇ ಎಂದು ನೋಡುವ ದಾರಿಯೇ ಹುಡುಗನಿಗಿಲ್ಲ. ತಪ್ಪಿರುವುದು ವ್ಯವಸ್ಥೆಯಲ್ಲಿ. ಅದನ್ನು ಸರಿಪಡಿಸಬೇಕಾದವರು ಮಾಲೀಕರೇ.

ಪರಿಹಾರ ದುಬಾರಿಯೇನಲ್ಲ. ವಸೂಲಿಗೆಂದೇ ಪ್ರತ್ಯೇಕ ಚಾಲ್ತಿ ಖಾತೆಯಿರಲಿ. ಜಮೆಯನ್ನು ನೋಡುವ ಅನುಕೂಲವನ್ನು ಗಲ್ಲಾದಲ್ಲಿ ಕೂರುವವರಿಗೂ ಒದಗಿಸಲಿ. ನಿಗದಿತ ಮೊತ್ತಕ್ಕೆ ಮೀರಿದ ಮಾರಾಟದಲ್ಲಿ, ಖಾತೆಯಲ್ಲಿ ಜಮೆ ಕಂಡ ಮೇಲೆಯೇ ಸರಕು ಹೊರಡಲಿ. ಪೂರೈಕೆದಾರರ ಖಾತೆ ಬದಲಾಯಿತೆಂದರೆ, ಮೊದಲಿನಿಂದ ತಮ್ಮಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಲಿ. ಪ್ರತಿದಿನ ಅಂಗಡಿ ಮುಚ್ಚುವ ಮುನ್ನ ಬಿಲ್ಲುಗಳನ್ನೂ ಜಮೆಯನ್ನೂ ತಾಳೆ ನೋಡಲಿ.

ಕಾಯಂ ಗಿರಾಕಿ ಬೇಸರಪಟ್ಟಾನೆಂಬ ಅಳುಕು ಕೆಲವರಿಗಿದೆ. ಎಲ್ಲರಿಗೂ ಒಂದೇ ನಿಯಮವಿದ್ದಲ್ಲಿ ಬೇಸರಕ್ಕೆ ಎಡೆಯಿಲ್ಲ. ನೋಟನ್ನು ಬೆಳಕಿಗೆ ಹಿಡಿದು ನೋಡಿದ್ದಕ್ಕೆ ಯಾರು ತಾನೆ ಮುನಿಸಿಕೊಂಡಿದ್ದಾರೆ?

ಇಷ್ಟಾಗಿಯೂ ಮೋಸಹೋದರೆ, ಮರ್ಯಾದೆಗಂಜಿ ಮುಚ್ಚಿಡದೆ ತಕ್ಷಣ 1930 ಸಹಾಯವಾಣಿಗೂ ಬ್ಯಾಂಕಿಗೂ ತಿಳಿಸಬೇಕು. ಹಣ ಬೇರೆ ಖಾತೆಗಳಿಗೆ ಹರಿದುಹೋಗುವ ಮುನ್ನ ಅದನ್ನು ತಡೆಹಿಡಿಯಲು ಸಾಧ್ಯ. ಗ್ರಾಹಕನೇ ಪಿನ್ ಮೊದಲಾದ ಗುಟ್ಟನ್ನು ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ದೂರು ನೀಡುವವರೆಗಿನ ನಷ್ಟ ಅವನದೇ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿಯೇ ಸ್ಪಷ್ಟಪಡಿಸಿತ್ತು. ಆದ್ದರಿಂದ ತಡಮಾಡಿದಷ್ಟೂ ಹಾನಿ.

ಒಬ್ಬ ವರ್ತಕ ಮುಚ್ಚಿಟ್ಟ ಮೋಸಕ್ಕೆ ನಾಳೆ ಪಕ್ಕದ ಅಂಗಡಿಯವನು ಬಲಿಯಾಗುತ್ತಾನೆ. ಪೇಟೆಯ ವರ್ತಕರು ಇದನ್ನು ಪರಸ್ಪರ ಹೇಳಿಕೊಳ್ಳುವ ರೂಢಿ ಬೆಳೆಯಲಿ.